ಟ್ಯಾಂಕಿನ ಮಾಂಸಕ್ಕೆ ಮೂಳೆ ಬಂದದ್ದು

ಯೋಗರಾಜನಿಗೆ ಈ ಪ್ರಪಂಚದಲ್ಲಿ ಮರ್ಯಾದೆ ಸಿಗುತ್ತಿದ್ದ ಜಾಗ ಒಂದೇ. ಅದು ಹರಿಹರದಲ್ಲಿ ಅವನ ಹೆಂಡತಿಯ ತವರಿನ ಊಟದ ಪಡಸಾಲೆ. ದಾವಣಗೆರೆಯ ಲಾರಿ ಬುಕಿಂಗ್ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಗುಮಾಸ್ತನಾಗಿದ್ದರೂ ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. 'ಏ ರಸೀದಿ' ಎಂದರೆ ಅವನೇ ತಿರುಗಿ ನೋಡುತ್ತಿದ್ದ. ಆದರೆ ತಿಂಗಳಿಗೆ ಎರಡು ಭಾನುವಾರ ಹೆಂಡತಿ ಪದ್ಮಶ್ರೀಯೊಡನೆ ಹರಿಹರದ ಬಸ್ಸಿಳಿದು, ಅತ್ತೆ ಅಂಜಿನವ್ವನ ಮನೆಯ ಚಾಪೆಯ ಮೇಲೆ ಕಾಲು ಮಡಚಿ ಕುಳಿತನೆಂದರೆ ಅವನದೇ ದರ್ಬಾರು. ಆ ಮನೆಯಲ್ಲಿ ಬಾಡೂಟದ ದಿನ ನಲ್ಲಿ ಮೂಳೆ ಹಿರಿಯ ಅಳಿಯನ ತಟ್ಟೆಗೇ ಬೀಳಬೇಕು. ಅದು ಅಂಜಿನವ್ವನ ಅತ್ತೆಯ ಕಾಲದಿಂದ ನಡೆದು ಬಂದ ಕಾನೂನು.

ಅಂಜಿನವ್ವ ಸೌಟಿನಿಂದ ಪಾತ್ರೆಯ ತಳ ತಡಕಿ, ಮೂಳೆಯನ್ನು ಹುಡುಕಿ ತೆಗೆದು, ಉಳಿದವರೆಲ್ಲ ನೋಡುತ್ತಿರುವಾಗಲೇ ಯೋಗರಾಜನ ತಟ್ಟೆಗೆ ಇಳಿಸುತ್ತಿದ್ದಳು. ಅವನು ಅದನ್ನು ತಟ್ಟೆಯ ಅಂಚಿಗೆ ಎರಡು ಸಲ ಕುಟ್ಟಿ, ಕಣ್ಣು ಮುಚ್ಚಿ ಹೀರುತ್ತಿದ್ದ. ಆ ಸದ್ದು ಹಿತ್ತಲಿನವರೆಗೆ ಕೇಳಿಸಬೇಕು. ಕೇಳಿಸದಿದ್ದರೆ ಮರ್ಯಾದೆ ಪೂರ್ತಿ ಆದಂತಲ್ಲ ಎಂಬುದು ಅವನ ಅಭಿಪ್ರಾಯ. ಹನ್ನೊಂದು ವರ್ಷದಿಂದ ಒಂದು ಸಲವೂ ಇದು ತಪ್ಪಿರಲಿಲ್ಲ.

ಇದೇ ಮನುಷ್ಯ ದಾವಣಗೆರೆಯಲ್ಲಿ ಕಟ್ಟಾ ಸಸ್ಯಾಹಾರಿ. ಕೆ.ಬಿ. ಬಡಾವಣೆಯಲ್ಲಿ ಅವನು ಬಾಡಿಗೆಗಿದ್ದ ಮನೆಯ ಒಡತಿ ಮರುಳಸಿದ್ದಮ್ಮ, ನಿವೃತ್ತ ಶಾಲಾ ಶಿಕ್ಷಕಿ, ಪ್ರಾಣಿದಯಾ ಮಹಿಳಾ ಸಂಘದ ಅಧ್ಯಕ್ಷೆ. ಗೇಟಿಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ತೂಗುಹಾಕಿದ್ದವರು. ಮನೆ ಕೇಳಲು ಹೋದ ದಿನ ಯೋಗರಾಜ, "ಮಾಂಸದ ವಾಸನೆ ಬಂದ್ರೆ ನನಗೆ ಸಣ್ಣಾಗಿದ್ದಾಗಿಂದ ತಲಿ ಸುತ್ತತೈತ್ರಿ ಅಮ್ಮಾರೆ" ಎಂದುಬಿಟ್ಟಿದ್ದ. ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ, ಎಂಟು ವರ್ಷದಿಂದ ಸಂಘದ ಪ್ರತಿ ಸಭೆಯಲ್ಲೂ 'ಮಾಂಸ ತಿನ್ನುವವರ ಮನೆಯಲ್ಲಿ ಹುಟ್ಟಿಯೂ ಕೆಸರು ಅಂಟಿಸಿಕೊಳ್ಳದ ನಮ್ಮ ಯೋಗರಾಜಪ್ಪ' ಎಂದು ಉದಾಹರಣೆ ಕೊಡುತ್ತಿದ್ದರು. ಯೋಗರಾಜ ಹರಿಹರದಿಂದ ಬರುವಾಗ ಏಲಕ್ಕಿ ಜಗಿದುಕೊಂಡು ಬರುತ್ತಿದ್ದ.

ಇಂಥ ಸುಭದ್ರ ಬಾಳಿಗೆ ಅಡ್ಡ ಬಂದವನು ಷಡ್ಡಕ ಗಿರೀಶ, ಪದ್ಮಶ್ರೀಯ ತಂಗಿ ಆಶಾಳ ಗಂಡ. ಮದುವೆಯಾದಾಗ ಅವನು ಫ್ರಿಜ್ ರಿಪೇರಿ ಮಾಡುತ್ತಿದ್ದ. ಅಲ್ಲಿಯವರೆಗೆ ಯೋಗರಾಜನಿಗೆ ಅವನ ಮೇಲೆ ಪ್ರೀತಿಯೇ ಇತ್ತು. ಆದರೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ, ಕುರಿ ಕೊಯ್ಯದೆ ಕುರಿಮಾಂಸ ಬೆಳೆಸುವ ಹೊಸ ಕಂಪನಿಯೊಂದು ಪ್ರಯೋಗ ಶುರು ಮಾಡಿ ಗಿರೀಶನಿಗೆ ಅಲ್ಲಿ ಕೆಲಸವಾಯಿತು. ಕೆಲಸವೆಂದರೆ ಟ್ಯಾಂಕಿನ ಬಿಸಿ ಹೆಚ್ಚುಕಡಿಮೆಯಾಗದಂತೆ ಗಡಿಯಾರದಂಥ ಮೀಟರೊಂದನ್ನು ನೋಡುತ್ತ ಕೂರುವುದು. ಇದು ಯೋಗರಾಜನಿಗೆ ಗೊತ್ತಿತ್ತು. ಉಳಿದ ಹರಿಹರವೆಲ್ಲ ಅವನನ್ನು ವಿಜ್ಞಾನಿ ಎನ್ನತೊಡಗಿತು. ಅವನಿಗೊಂದು ಬಿಳಿ ಕೋಟು ಬೇರೆ ಕೊಟ್ಟಿದ್ದರು. ಆ ಕೋಟು ಹಾಕಿಕೊಂಡ ಫೋಟೋವನ್ನು ಅಂಜಿನವ್ವ ಟಿವಿಯ ಮೇಲಿಟ್ಟಳು. ಯೋಗರಾಜನ ಮದುವೆ ಫೋಟೋ ಸರಿದು ಮೂಲೆಗೆ ಹೋಯಿತು. ಯೋಗರಾಜನಿಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಬೇಕು.

ಒಂದು ಭಾನುವಾರ ಊಟದ ಹೊತ್ತಿಗೆ ಗಿರೀಶ ವಿಷಯ ಎತ್ತಿದ. "ಕುರಿಯಿಂದ ಸೂಜಿಮೊನೆಯಷ್ಟು ತಗೊಂಡು ಟ್ಯಾಂಕಿನಾಗೆ ಬಿಟ್ರೆ ಸಾಕ್ರಿ ಮಾವಾರೆ, ತಾನೇ ಬೆಳಿತೈತೆ. ಕುರಿ ಅತ್ತಾಗೆ ಮೇಯ್ಕೊಂಡು ಆರಾಮ ಇರತೈತೆ."

ಮಲೆಬೆನ್ನೂರಿನ ಕಡೆ ಭತ್ತದ ಗದ್ದೆ ಮಾಡುವ ಮಾವ ಗುಡ್ಡಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಯೋಚಿಸಿದ. "ಎಲ್ಲಾರೂ ಟ್ಯಾಂಕಿಂದು ತಿಂದ್ರೆ ಕುರಿ ಯಾರು ಸಾಕ್ತಾರಪ್ಪ? ಕುರಿ ಇಲ್ಲ ಅಂದ್ರೆ ಗದ್ದಿಗೆ ಗೊಬ್ಬರಕ್ಕೆ ಮಂದೆ ಯಾರು ಹಾಕ್ತಾರೆ? ನಿಮ್ಮ ಟ್ಯಾಂಕು ಹಿಕ್ಕೆ ಹಾಕತೈತಾ?"

"ಹಾಕಂಗಿಲ್ರಿ."

"ಹಂಗಾರೆ ಅರ್ಧ ಕೆಲಸ ಅಷ್ಟೇ ಆಗೈತೆ ಬಿಡು" ಎಂದು ಗುಡ್ಡಪ್ಪ ತುತ್ತು ನುಂಗಿದ.

ಯೋಗರಾಜ ಇದೇ ಸಮಯವೆಂದು ಕೇಳಿದ. "ಅದ್ರಾಗೆ ಮೂಳೆ ಇರತೈತೇನೋ ಗಿರೀಶ?"

"ಮೂಳೆ ಎಲ್ಲಿಂದ ಬರಬೇಕಣ್ಣ? ಬರೀ ಮಾಂಸ."

"ಛಲೋ ಆತು" ಎಂದಳು ಅಂಜಿನವ್ವ. "ಸೌಟು ಹಾಕಿ ತಡಕಾಡೋದು ತಪ್ತು. ನನಗೂ ಈಚೆಗೆ ಕಣ್ಣು ಮಂಜು."

ಯೋಗರಾಜನ ಕೈಯಲ್ಲಿದ್ದ ನಲ್ಲಿ ಮೂಳೆ ಅಲ್ಲೇ ನಿಂತಿತು. ಹನ್ನೊಂದು ವರ್ಷದ ಮರ್ಯಾದೆ ಅತ್ತೆಗೆ ಬರೀ ತಡಕಾಟವಾಗಿತ್ತೆಂದು ಅವನಿಗೆ ಅಂದೇ ತಿಳಿದದ್ದು.

ಮುಂದಿನ ವಾರ ಇನ್ನೂ ಕೆಟ್ಟ ಸುದ್ದಿ ಬಂತು. ಕಂಪನಿ ತನ್ನ ನೌಕರರಿಗೆಲ್ಲ ಒಂದೊಂದು ಕಿಲೋ ಮಾಂಸ ಕೊಟ್ಟು, ಮನೆಯವರಿಗೆ ಉಣ್ಣಿಸಿ ಅಭಿಪ್ರಾಯ ಪತ್ರ ತುಂಬಿಸಿಕೊಂಡು ಬನ್ನಿ ಎಂದಿತ್ತು. ಬಣ್ಣ, ವಾಸನೆ, ಮೆದುತನ, ರುಚಿ, ಕೊನೆಗೆ 'ಇತರೆ'. ಭಾನುವಾರ ಹರಿಹರದ ಮನೆಯಲ್ಲಿ ಆ ಊಟ. ಓಣಿಯವರೂ ಬರುವವರಿದ್ದರು.

ಓಣಿಯ ಮುಂದೆ ಬರೀ ಮೆತ್ತನೆಯ ತುಂಡುಗಳು ಎಲ್ಲರ ತಟ್ಟೆಗೂ ಒಂದೇ ಸಮ ಬೀಳುವ ದೃಶ್ಯವನ್ನು ಯೋಗರಾಜ ಕಣ್ಣಿಗೆ ತಂದುಕೊಂಡ. ಹಿರಿಯ ಅಳಿಯನಿಗೂ ಅಷ್ಟೇ, ಪಕ್ಕದ ಮನೆಯ ಟೈಲರಿಗೂ ಅಷ್ಟೇ. ಇದನ್ನು ಸಹಿಸುವುದು ಸಾಧ್ಯವಿರಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸಿಳಿದವನೇ ಪದ್ಮಶ್ರೀಯನ್ನು ಮನೆಗೆ ಕಳಿಸಿ, ತಾನು ನಬೀ ಸಾಬರ ಮಟನ್ ಅಂಗಡಿಗೆ ಹೋದ.

"ಬರ್ರಿ ಅಳಿಯಂದ್ರೆ" ಎಂದರು ನಬೀ ಸಾಬ್. ಗುಡ್ಡಪ್ಪನ ಅಳಿಯ ಎಂದರೆ ಅವರಿಗೂ ಅಳಿಯನೇ. "ಇವತ್ತು ನಿಮ್ಮ ಮನ್ಯಾಗೆ ಟ್ಯಾಂಕಿನ ಮಟನ್ ಅಂತಲ್ಲ. ನಮ್ಮ ಹುಡುಗ ತೌಸೀಫ್ ಅದು ಹಲಾಲ್ ಆಗತೈತಾ ಇಲ್ಲಾ ಅಂತ ಎರಡು ದಿನದಿಂದ ತಲಿ ತಿಂತಾನೆ. ಕುತ್ತಿಗೆನೇ ಇಲ್ಲದ್ದಕ್ಕೆ ನಾನು ಏನು ಹೇಳ್ಲಿ?"

"ಒಂದು ನಲ್ಲಿ ಮೂಳೆ ಕೊಡ್ರಿ."

"ಮಾಂಸ?"

"ಬ್ಯಾಡ. ಮೂಳೆ ಒಂದೇ."

ಇಪ್ಪತ್ತೈದು ವರ್ಷದ ವ್ಯಾಪಾರದಲ್ಲಿ ಹೀಗೆ ಕೇಳಿದವರು ಯಾರೂ ಇರಲಿಲ್ಲ. ನಬೀ ಸಾಬ್ ಅವನ ಮುಖ ನೋಡಿ, ಏನೂ ಕೇಳದೆ, ಒಳ್ಳೆಯದೊಂದನ್ನು ಆರಿಸಿ ಎರಡೂ ತುದಿ ಓರೆಯಾಗಿ ಕಡಿದು ಕಾಗದದಲ್ಲಿ ಸುತ್ತಿ ಕೊಟ್ಟರು.

ಯೋಗರಾಜನ ಯೋಜನೆ ಸರಳ. ಮೂಳೆ ಪಾತ್ರೆಯೊಳಗಿದ್ದರೆ ಅತ್ತೆಯ ಸೌಟಿಗೆ ಸಿಗುತ್ತದೆ, ಸಿಕ್ಕರೆ ಅಭ್ಯಾಸಬಲದಿಂದ ಅವನ ತಟ್ಟೆಗೆ ಬರುತ್ತದೆ, ಬಂದ ಮೇಲೆ ಹೆಂಗೆ ಬಂತೆಂದು ಕೇಳುವವರು ಯಾರು? ಅಂಜಿನವ್ವ ಕೊತ್ತಂಬರಿ ತರಲು ಹಿತ್ತಲಿಗೆ ಹೋದಾಗ ಅವನು ಮೂಳೆಯನ್ನು ಟ್ಯಾಂಕಿನ ಮಾಂಸ ಕುದಿಯುತ್ತಿದ್ದ ಮಸಾಲೆಯೊಳಗೆ ಬಿಟ್ಟು, ಮೇಲೆ ಮುಚ್ಚಳ ಮುಚ್ಚಿ, ಏನೂ ಆಗದವನಂತೆ ಪಡಸಾಲೆಯಲ್ಲಿ ಪೇಪರು ಹಿಡಿದು ಕುಳಿತ.

ಎರಡು ತಾಸು ಕಳೆದು ಬಾಗಿಲಲ್ಲಿ ಕಾರು ನಿಂತಿತು. ಕಂಪನಿಯ ಕಾರು. ಮುಂದಿನ ಬಾಗಿಲಿನಿಂದ ಗಿರೀಶ ಇಳಿದ. ಹಿಂದಿನ ಬಾಗಿಲಿನಿಂದ ರುದ್ರಾಕ್ಷಿ, ವಿಭೂತಿ, ಗಂಜಿ ಹಾಕಿದ ಸೀರೆಯೊಡನೆ ಮರುಳಸಿದ್ದಮ್ಮ ಇಳಿದರು.

"ಜೀವ ತೆಗೆಯದ ಮಾಂಸವಂತೆ, ಯೋಗರಾಜಪ್ಪ" ಎಂದರು ಅವರು, ಕಣ್ಣು ತೇವ ಮಾಡಿಕೊಂಡು. "ಮೊನ್ನೆ ದಾವಣಗೆರೆಯಲ್ಲಿ ನಿಮ್ಮನ್ನು ನೋಡಲು ಬಂದಾಗ ಗಿರೀಶ ಎಲ್ಲ ಹೇಳಿದ. ನಾನು ತಿನ್ನುವುದಿಲ್ಲ. ಆದರೆ ಇಂಥ ಪುಣ್ಯದ ಕೆಲಸಕ್ಕೆ ಬಂದು ನಿಲ್ಲಬೇಕಲ್ಲ. ನೀನೂ ತಿನ್ನುವವನಲ್ಲ, ನನ್ನ ಪಕ್ಕ ಕೂತುಕೋ."

ಯೋಗರಾಜ ಅಡುಗೆಮನೆಗೆ ಹಾರಿದ. ಅಲ್ಲಿ ಓಣಿಯ ಏಳು ಹೆಂಗಸರು ಟ್ಯಾಂಕಿನ ಮಾಂಸ ನೋಡಲು ಒಲೆಯ ಸುತ್ತ ಕೋಟೆ ಕಟ್ಟಿದ್ದರು. "ನೀರು ಬೇಕಿತ್ತು" ಎಂದ. ನೀರು ಕೊಟ್ಟರು. ಕುಡಿದು, "ಸೌಟು ಬೇಕಿತ್ತು" ಎಂದ. ಸೌಟು ಯಾಕೆಂದು ಕೇಳಿದರು. ಮತ್ತೊಂದು ಚೊಂಬು ನೀರು ಕುಡಿದು ಹೊರಗೆ ಬಂದ.

ಪಂಕ್ತಿ ಕೂತಿತು. ಮರುಳಸಿದ್ದಮ್ಮನ ಪಕ್ಕ ಯೋಗರಾಜನ ತಟ್ಟೆಯಲ್ಲಿ ಮೊಸರನ್ನ. ಎದುರಿಗೆ ಗಿರೀಶ. ಉದ್ಘಾಟನೆಗೆ ರಿಬ್ಬನ್ ಇರಲಿಲ್ಲವಾಗಿ ಗಿರೀಶ ಸೌಟನ್ನೇ ಮರುಳಸಿದ್ದಮ್ಮನವರ ಕೈಗೆ ಕೊಟ್ಟು, ಮೊದಲ ತುತ್ತು ನೀವೇ ಬಡಿಸಬೇಕೆಂದು ಬೇಡಿಕೊಂಡ. ಎಪ್ಪತ್ತು ವರ್ಷದ ಸಸ್ಯಾಹಾರಿ ಕೈ ಮಸಾಲೆಯೊಳಗೆ ಸೌಟು ಇಳಿಸಿತು. ಸೌಟು ಮೇಲೆ ಬಂತು. ಅದರ ನಡುವೆ ಓರೆಯಾಗಿ ಕಡಿದ ಎರಡು ತುದಿಯ, ಹೊಳೆಯುವ, ದಪ್ಪನೆಯ ನಲ್ಲಿ ಮೂಳೆ ಕುಳಿತಿತ್ತು.

ಓಣಿಯವರ ಮೊಬೈಲುಗಳು ಒಂದೊಂದಾಗಿ ಮೇಲೆದ್ದವು.

"ಇದೇನಪ್ಪ ಗಿರೀಶ?" ಎಂದರು ಮರುಳಸಿದ್ದಮ್ಮ. ಅವರು ಅದನ್ನು ಹಿಂದೆ ನೋಡಿದವರಲ್ಲ.

ಗಿರೀಶ ಮೂಳೆಯನ್ನು ನೋಡಿದ, ಮೊಬೈಲು ಹಿಡಿದ ಓಣಿಯವರನ್ನು ನೋಡಿದ, ತುಟಿ ಒದ್ದೆ ಮಾಡಿಕೊಂಡ. "ಮೂಳೆ ರೀ ಅಮ್ಮಾರೆ. ಹೆಂಗೋ ಬೆಳೆದುಬಿಟ್ಟೈತೆ."

"ಎಲಾ ಇವನ" ಎಂದಳು ಅಂಜಿನವ್ವ. ಇಡೀ ಓಣಿ ಒಂದೇ ಸಲ ಮಾತಾಡಿತು. ಬರೀ ಮಾಂಸ ಬರುತ್ತದೆಂದಿದ್ದವನು ಮೂಳೆಯನ್ನೂ ಬರಿಸಿದ್ದಾನೆ. ಇನ್ನೆರಡು ತಿಂಗಳಿಗೆ ಕೊಂಬೂ ಬಂದೀತು ಎಂದ ಟೈಲರು.

ಅಂಜಿನವ್ವ ಯೋಗರಾಜನ ಕಡೆ ಕೈ ತೋರಿಸಿ, "ಅದು ಹಿರೇ ಅಳಿಯಂಗೆ…" ಎಂದು ಶುರು ಮಾಡಿದಳು. ಯೋಗರಾಜನ ಎದೆ ಹೂವಾಯಿತು.

"ಛೆ, ಆತನಿಗೆ ವಾಸನೆ ಬಂದರೆ ತಲೆ ಸುತ್ತುತ್ತದೆ" ಎಂದರು ಮರುಳಸಿದ್ದಮ್ಮ. "ಅಲ್ಲವೇನಪ್ಪ?"

ಒಂದು ಕಡೆ ಮೂಳೆ, ಇನ್ನೊಂದು ಕಡೆ ಕೆ.ಬಿ. ಬಡಾವಣೆಯ ಮೂರು ಕೋಣೆಯ ಮನೆ. "ಹೌದ್ರಿ ಅಮ್ಮಾರೆ" ಎಂದ ಯೋಗರಾಜ.

"ಬೆಳೆಸಿದವನೇ ತಿನ್ನಲಿ" ಎಂದರು ಅವರು. ಮೂಳೆ ಗಿರೀಶನ ತಟ್ಟೆಗೆ ಇಳಿಯಿತು. ಯೋಗರಾಜ ಬೆಳಿಗ್ಗೆ ಎದ್ದು ಹೋಗಿ ತಂದ ಮೂಳೆ, ಯೋಗರಾಜನೇ ಮುಚ್ಚಳ ಮುಚ್ಚಿ ಬೇಯಿಸಿದ ಮೂಳೆ. ಗಿರೀಶ ಅದನ್ನು ಕುಟ್ಟಲೂ ಇಲ್ಲ, ಸದ್ದು ಮಾಡಲೂ ಇಲ್ಲ. ಸಂಕೋಚದಿಂದ ಎರಡು ಸಲ ನೆಕ್ಕಿ ಇಟ್ಟ. ಮೂಳೆಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ ಎಂದು ಯೋಗರಾಜ ಮೊಸರನ್ನ ಕಲಸುತ್ತ ಉರಿದುಹೋದ.

ಊಟವಾದ ಮೇಲೆ ಅಭಿಪ್ರಾಯ ಪತ್ರವನ್ನು ಮರುಳಸಿದ್ದಮ್ಮನೇ ತುಂಬಿದರು. ಎಲ್ಲರನ್ನೂ ಕೇಳಿ ಕೇಳಿ, ಮುತ್ತಿನಂಥ ಅಕ್ಷರದಲ್ಲಿ. 'ಇತರೆ' ಎಂಬಲ್ಲಿ ತಾವೇ ಸ್ವಂತ ಬರೆದರು: 'ಮೂಳೆಯು ಗಟ್ಟಿಯಾಗಿದ್ದು ಬೆಳ್ಳಗಿರುತ್ತದೆ. ಆಕಾರವು ಸಮರ್ಪಕವಾಗಿದೆ.' ಕೆಳಗೆ ಸಂಘದ ಮೊಹರು ಹಾಕಿದರು.

ಆ ಪತ್ರ ಸೋಮವಾರ ಕಂಪನಿಯ ಪ್ರಚಾರ ವಿಭಾಗದ ದಿನೇಶನ ಮೇಜಿಗೆ ಹೋಯಿತು. ವಿಜ್ಞಾನ ಬಲ್ಲವರೆಲ್ಲ ಆ ವಾರ ಹೈದರಾಬಾದಿನ ಯಾವುದೋ ಸಮ್ಮೇಳನಕ್ಕೆ ಹೋಗಿದ್ದರು. ದಿನೇಶ ವಾಣಿಜ್ಯ ಓದಿದವನು, ಸಂತೋಷ ತಡೆಯಲಾರದೆ ಊರಿಗೆಲ್ಲ ಫೋನು ಮಾಡಿದ. ಬುಧವಾರದ ಹೊತ್ತಿಗೆ ಮೊಬೈಲುಗಳಲ್ಲೆಲ್ಲ ಬಿಳಿ ಕೋಟಿನ ಗಿರೀಶ, ಪಕ್ಕದಲ್ಲಿ ಸೌಟು. ಒಂದು ಪಕ್ಷದವರು ಇದು ಅಹಿಂಸೆಯ ಗೆಲುವು, ಮೊದಲೇ ನಮ್ಮ ಪ್ರಣಾಳಿಕೆಯಲ್ಲಿತ್ತು ಎಂದರು. ಇನ್ನೊಂದು ಪಕ್ಷದವರು ಇದು ಬಡವರ ತಟ್ಟೆಯಿಂದ ಬಾಡು ಕಸಿಯುವ ಹುನ್ನಾರ, ಆದರೆ ಮೂಳೆಯನ್ನು ಸ್ವಾಗತಿಸುತ್ತೇವೆ ಎಂದರು. ಕುರಿಗಾರರು ಮನವಿ ಕೊಡಲು ಹೊರಟರು. ಕೃಷಿ ಇಲಾಖೆಗೋ ಕೈಗಾರಿಕೆ ಇಲಾಖೆಗೋ ತಿಳಿಯದೆ ಎರಡೂ ಕಡೆ ಕೊಟ್ಟರು. ಎರಡೂ ಕಡೆ ತೆಗೆದುಕೊಂಡರು.

ಲಾರಿ ಆಫೀಸಿನಲ್ಲಿ ಮಾಲೀಕರು ಮೊದಲ ಸಲ ಯೋಗರಾಜನನ್ನು ಎದುರಿಗೆ ಕೂರಿಸಿಕೊಂಡು ಚಹಾ ತರಿಸಿದರು. "ಆ ಮೂಳೆ ಗಿರೀಶ ನಿಮಗೆ ಏನಾಗ್ಬೇಕ್ರಿ?" ಎಂದು ಕೇಳಿದರು. ಯೋಗರಾಜ ಚಹಾವನ್ನು ಅರ್ಧಕ್ಕೇ ಬಿಟ್ಟು ರಸೀದಿ ಪುಸ್ತಕ ಎತ್ತಿಕೊಂಡ.

ಗುರುವಾರ ಮಧ್ಯಾಹ್ನ ರಜೆ ಹಾಕಿ ಅವನು ನಬೀ ಸಾಬರ ಅಂಗಡಿಗೆ ಓಡಿದ. "ಅದು ನಿಮ್ಮ ಮೂಳೆ ಅಂತ ನೀವು ಹೇಳಬೇಕ್ರಿ. ನಿಮ್ಮ ಕತ್ತಿ ಏಟು ನಿಮಗೆ ಗುರ್ತು ಸಿಗಂಗಿಲ್ಲೇನು?"

"ಫೋಟೋದಾಗೇ ಸಿಕ್ತು" ಎಂದರು ನಬೀ ಸಾಬ್, ಕತ್ತಿ ಒರೆಸುತ್ತ. "ಟ್ಯಾಂಕಿನಾಗೆ ಬೆಳೆದಿದ್ದಕ್ಕೆ ಓರೆ ಏಟು ಯಾರು ಹಾಕಿದ್ರು ಅಂತ ಹರಿಹರದಾಗೆ ಒಬ್ಬನೂ ಕೇಳ್ಲಿಲ್ಲ ನೋಡ್ರಿ."

"ಹಂಗಾರೆ ಹೇಳ್ರಿ ಮತ್ತೆ. ನಿಮ್ಮ ವ್ಯಾಪಾರಕ್ಕೂ ಒಳ್ಳೇದು."

ನಬೀ ಸಾಬ್ ಕತ್ತಿ ಕೆಳಗಿಟ್ಟರು. "ಅಳಿಯಂದ್ರೆ, ಆ ವಿಭೂತಿ ಅಮ್ಮಾರ ಕೈಯಾಗಿನ ಸೌಟಿಗೆ ನಮ್ಮ ಅಂಗಡಿ ಮೂಳೆ ಬಂತು ಅಂತ ಗೊತ್ತಾದ್ರೆ, ಯಾರು ಹಾಕಿದ್ದು ಅಂತ ಯಾರೂ ಕೇಳಂಗಿಲ್ಲ. ನಬೀ ಸಾಬ ಯಾಕ ಹಾಕಿಸಿದ ಅಂತ ಕೇಳ್ತಾರೆ. ಕಾಲ ಹಂಗೈತೆ. ನಿಮ್ಮ ಹೊಟ್ಟೆಕಿಚ್ಚಿಗೆ ನನ್ನ ಅಂಗಡಿ ಸುಡಬ್ಯಾಡ್ರಿ."

ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಯೋಗರಾಜ ಹಿಂದೆ ಕೇಳಿರಲಿಲ್ಲ. ತನ್ನ ಹೊಟ್ಟೆಕಿಚ್ಚು ಅಂಗಡಿ ಬೀದಿಗೆಲ್ಲ ಕಾಣುತ್ತದೆಂದೂ ಅವನಿಗೆ ಗೊತ್ತಿರಲಿಲ್ಲ. ಯಾರ ಹೆಸರೂ ಎತ್ತುವುದಿಲ್ಲ ಎಂದು ಮಾತು ಕೊಟ್ಟು ಬಸ್ಸು ಹತ್ತಿದ.

ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಿದ್ದನೇನೋ. ಆದರೆ ಪ್ರಾಣಿದಯಾ ಮಹಿಳಾ ಸಂಘ ಮುಂದಿನ ಭಾನುವಾರ ಕೆ.ಬಿ. ಬಡಾವಣೆಯಲ್ಲೇ ಗಿರೀಶನಿಗೆ ಸನ್ಮಾನ ಇಟ್ಟುಕೊಂಡಿತು. ಬಾಡಿಗೆದಾರನಾದ್ದರಿಂದ ಬ್ಯಾನರು ಕಟ್ಟುವ ಕೆಲಸ ಯೋಗರಾಜನಿಗೆ ಬಂತು. ಹತ್ತು ಅಡಿ ಬ್ಯಾನರಿನಲ್ಲಿ ಗಿರೀಶ ಕುರಿಮರಿಯೊಂದನ್ನು ತಬ್ಬಿ ನಗುತ್ತಿದ್ದ. ಕಂಬಕ್ಕೆ ಹಗ್ಗ ಬಿಗಿಯುವಾಗ ಆ ನಗೆ ಯೋಗರಾಜನ ಮೂಗಿಗೇ ಬಂದು ತಾಗುತ್ತಿತ್ತು. ಕುರ್ಚಿ ಹಾಕಿಸಿದ್ದೂ ಅವನೇ, ಪೇಟ ತಂದದ್ದೂ ಅವನೇ, ಗಿರೀಶನ ತಲೆಯ ಅಳತೆಗೆ ಅದನ್ನು ತನ್ನ ತಲೆಗಿಟ್ಟು ನೋಡಿದ್ದೂ ಅವನೇ. ಕನ್ನಡಿಯಲ್ಲಿ ಅವನಿಗೆ ಅದು ಒಪ್ಪುತ್ತಿತ್ತು.

ವೇದಿಕೆಯಲ್ಲಿ ಮರುಳಸಿದ್ದಮ್ಮ, ದಿನೇಶ, ನಡುವೆ ಗಿರೀಶ. ಮುಂದಿನ ಸಾಲಿನಲ್ಲಿ ಅಂಜಿನವ್ವ, ಗುಡ್ಡಪ್ಪ, ಹೆಂಡಂದಿರು. ಗಿರೀಶ ಒಣಗಿ ಕಡ್ಡಿಯಾಗಿದ್ದ, ಕಣ್ಣ ಸುತ್ತ ಕಪ್ಪು. ದೊಡ್ಡವರಾದ ಮೇಲೆ ಹಾಗೇ ಇರುತ್ತದೆ ಎಂದುಕೊಂಡ ಯೋಗರಾಜನಿಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು.

"ಶಾಲನ್ನು ಷಡ್ಡಕರಾದ ಯೋಗರಾಜಪ್ಪನೇ ಹೊದಿಸಲಿ" ಎಂದರು ಮರುಳಸಿದ್ದಮ್ಮ. "ಸ್ವತಃ ಸಸ್ಯಾಹಾರಿ. ಅವರ ಕೈಯಿಂದಲೇ ಆಗುವುದು ಶೋಭೆ."

ಯೋಗರಾಜ ಶಾಲು ಹಿಡಿದು ವೇದಿಕೆ ಹತ್ತಿದ. ಗಿರೀಶ ಹೊದಿಸಿಕೊಳ್ಳಲು ತಲೆ ತಗ್ಗಿಸಿದ. ಆ ತಗ್ಗಿದ ತಲೆಯ ಹಿಂದೆ ಚಪ್ಪಾಳೆಗೆ ಸಿದ್ಧವಾದ ಇನ್ನೂರು ಕೈಗಳು ಕಂಡವು. ಯೋಗರಾಜ ಶಾಲನ್ನು ತನ್ನ ಹೆಗಲಿಗೇ ಹಾಕಿಕೊಂಡು ಮೈಕು ಎಳೆದುಕೊಂಡ.

"ಆ ಮೂಳೆ ಟ್ಯಾಂಕಿನಾಗೆ ಬೆಳೀಲಿಲ್ರಿ. ಅದನ್ನ ಪಾತ್ರಿಗೆ ಹಾಕಿದ್ದು ನಾನು."

ಸಭೆ ನಕ್ಕಿತು. ದಿನೇಶನೂ ನಕ್ಕ. "ಅಳಿಯಂದ್ರೆ, ತಮ್ಮನ ಮ್ಯಾಲೆ ಇಷ್ಟು ಸಂಕಟ ಬ್ಯಾಡ" ಎಂದಳು ಅಂಜಿನವ್ವ ಕುಳಿತಲ್ಲಿಂದಲೇ. ಪದ್ಮಶ್ರೀ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಮೂಳೆ ಮುಟ್ಟಿದವನೇ ಅಲ್ಲ ಆತ" ಎಂದು ಮರುಳಸಿದ್ದಮ್ಮ ಮೈಕಿಗೆ ಬಗ್ಗಿ ಸಮಾಧಾನ ಹೇಳಿದರು.

ಖರೆ ಹೇಳಿದರೂ ನಂಬದ ಜನರ ಮೇಲೆ ಯೋಗರಾಜನಿಗೆ ಸಿಟ್ಟು ಬಂತು. "ಹನ್ನೊಂದು ವರ್ಷದಿಂದ ತಿಂತಿದೀನ್ರಿ ಅಮ್ಮಾರೆ. ಎಂಟು ವರ್ಷ ನಿಮ್ಮ ಮನ್ಯಾಗೆ ಇದ್ಕೊಂಡೇ ತಿಂದೀನಿ. ಹಿರೇ ಅಳಿಯನ ಮೂಳೆ ಅದು. ನನಗೆ ಬರಬೇಕಿತ್ತು. ಅವತ್ತು ಬರಂಗಿಲ್ಲ ಅಂತ ಗೊತ್ತಾಗಿ ನಾನೇ ತಂದು ಹಾಕಿದೆ. ನೀವು ಅವಂಗೆ ಬಡಿಸಿಬಿಟ್ರಿ."

ನಗು ನಿಂತಿತು. ಮರುಳಸಿದ್ದಮ್ಮ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಅಂದರೆ ನಾನು ಹಿಡಿದದ್ದು ಕುರಿಯ ಮೂಳೆ" ಎಂದು ಮೆಲ್ಲಗೆ ಹೇಳಿ ಕುಸಿದು ಕುಳಿತರು. ಸಂಘದ ಕಾರ್ಯದರ್ಶಿ ಬಿಂದು ಎದ್ದು ನಿಂತು, "ಯಾವ ಅಂಗಡಿಯದು? ಅಂಗಡಿ ಹೆಸರು ಹೇಳ್ರಿ, ಈಗಲೇ ಹೋಗೋಣ" ಎಂದಳು. ಹಿಂದೆ ನಾಲ್ಕಾರು ಕುರ್ಚಿಗಳು ಸರಿದ ಸದ್ದಾಯಿತು.

"ನೆನಪಿಲ್ರಿ."

"ನೆನಪಿಲ್ಲ ಅಂದ್ರೆ?"

"ಹಾಕಿದ್ದು ನನ್ನ ಕೈ. ಕೇಳೋದಿದ್ರೆ ನನ್ನ ಕೇಳ್ರಿ."

ಮೂರು ಸಲ ಕೇಳಿದರೂ ಅದೇ ಉತ್ತರ. ಅವನು ಆ ವಾರದಲ್ಲಿ ಹೊಟ್ಟೆಕಿಚ್ಚಿಲ್ಲದೆ ಆಡಿದ ಮಾತು ಅದೊಂದೇ.

ಇನ್ನು ಗಿರೀಶ ನೆಲಕ್ಕೆ ಕುಸಿಯುತ್ತಾನೆ, ಬಿಳಿ ಕೋಟು ಕಳಚುತ್ತದೆ ಎಂದು ಯೋಗರಾಜ ತಿರುಗಿ ನೋಡಿದ. ಗಿರೀಶ ಓಡಿ ಬಂದು ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ.

"ಅಣ್ಣ, ನನ್ನ ಉಳಿಸಿದ್ರಿ" ಎಂದು ಅತ್ತುಬಿಟ್ಟ. "ಅವತ್ತು ಓಣಿ ಮುಂದೆ ಮಾವನ ಮನಿ ಮರ್ಯಾದಿ ಹೋಗಬಾರದು ಅಂತ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಇವರು ನಾಳೆ ಇನ್ನೊಂದು ಮೂಳೆ ಬೆಳೆಸಿಕೊಡು ಅಂತಾರೆ. ಎಂಟು ದಿನದಿಂದ ಅನ್ನ ಸೇರಿಲ್ಲ. ಖರೆ ಹೇಳಾಕೆ ನನಗೆ ಧೈರ್ಯ ಆಗ್ಲಿಲ್ಲ, ಮನಿ ಹೋಗತೈತೆ ಅಂತ ಗೊತ್ತಿದ್ದೂ ನೀವು ಹೇಳಿದ್ರಿ."

ಸಭೆ ಚಪ್ಪಾಳೆ ತಟ್ಟಿತು. ಇಬ್ಬರಲ್ಲಿ ಯಾರಿಗೆಂದು ಯೋಗರಾಜನಿಗೆ ಕೊನೆಗೂ ತಿಳಿಯಲಿಲ್ಲ. ದಿನೇಶ ಯಾರಿಗೂ ಹೇಳದೆ ಕಾರು ಹತ್ತಿ ಹೋದ.

ಮರುಳಸಿದ್ದಮ್ಮ ಕೈಯನ್ನು ನಾಲ್ಕು ಸಲ ತೊಳೆದು, ವಿಭೂತಿ ಹಚ್ಚಿಕೊಂಡು ಬಂದು, ಶಾಲೆಯಲ್ಲಿ ಫಲಿತಾಂಶ ಓದುವ ದನಿಯಲ್ಲಿ ತೀರ್ಪು ಕೊಟ್ಟರು. "ತಿನ್ನುವುದಕ್ಕಲ್ಲ ಯೋಗರಾಜಪ್ಪ, ಎಂಟು ವರ್ಷ ಸುಳ್ಳು ಹೇಳಿದ್ದಕ್ಕೆ. ತಿಂಗಳ ಕೊನೆಗೆ ಮನೆ ಬಿಡು. ಗಿರೀಶ ಮೊದಲ ದಿನವೇ ತಾನು ತಿನ್ನುತ್ತೇನೆಂದು ನನ್ನೆದುರು ಒಪ್ಪಿಕೊಂಡ. ಮನೆ ಅವನಿಗೆ. ಒಲೆಯ ಮೇಲೆ ಟ್ಯಾಂಕಿನದು ಮಾತ್ರ."

ಎರಡು ವಾರದ ಮೇಲೆ ಹರಿಹರದಲ್ಲಿ ಬಾಡೂಟ. ಈ ಸಲ ಗುಡ್ಡಪ್ಪನೇ ಹೋಗಿ ನಬೀ ಸಾಬರಲ್ಲಿ ತಂದಿದ್ದ. ಹಿರಿಯ ಅಳಿಯನಿಗೆಂದು ಅವರು ಎರಡು ಮೂಳೆ ಹಾಕಿ ಕಳಿಸಿದ್ದರು. ಟಿವಿಯ ಮೇಲೆ ಮದುವೆ ಫೋಟೋ ನಡುವಿಗೆ ಬಂದಿತ್ತು. ಅಂಜಿನವ್ವ ಕನ್ನಡಕ ಹಾಕಿಕೊಂಡು ಪಾತ್ರೆ ತಡಕಿ ಎರಡನ್ನೂ ಯೋಗರಾಜನ ತಟ್ಟೆಗೇ ಇಳಿಸಿದಳು. ಓಣಿಯ ಅರ್ಧ ಜನ ನೋಡುತ್ತಿದ್ದರು. ಪಕ್ಕದಲ್ಲಿ ಆಶಾ, ಕೆ.ಬಿ. ಬಡಾವಣೆಯ ಮನೆಯ ಯಾವ ಕೋಣೆಗೆ ಯಾವ ಪರದೆ ಎಂದು ಅಕ್ಕನನ್ನು ಕೇಳುತ್ತಿದ್ದಳು. ಯೋಗರಾಜ ಕಿವಿ ಮುಚ್ಚಿದವನಂತೆ ಒಂದು ಮೂಳೆ ಎತ್ತಿ ಅಂಚಿಗೆ ಕುಟ್ಟಿದ. ಇನ್ನೊಂದನ್ನು, ಗೆದ್ದವನ ಔದಾರ್ಯದಿಂದ, ಗಿರೀಶನ ಕಡೆ ಸರಿಸಿದ.

"ನನಗೆ ಬ್ಯಾಡಣ್ಣ, ನೀವೇ ತಿನ್ರಿ" ಎಂದ ಗಿರೀಶ, ಪಲ್ಯಕ್ಕೆ ಕೈ ಹಾಕುತ್ತ. "ಅದು ನನಗೆ ಮೊದಲಿಂದ್ಲೂ ಸೇರಂಗಿಲ್ಲ. ಅವತ್ತು ಅಮ್ಮಾರು ಹಾಕಿದ್ರು ಅಂತ ಸುಮ್ಮನೆ ನೆಕ್ಕಿದೆ."

ಯೋಗರಾಜ ಮೂಳೆಯನ್ನು ಬಾಯಿಗಿಟ್ಟ. ಹೀರಿದ. ಸದ್ದು ಹಿತ್ತಲಿನವರೆಗೆ ಕೇಳಿಸಿತು, ರುಚಿ ಮಾತ್ರ ಬರಲಿಲ್ಲ.